ನಾಲ್ಕನೇ ಹೆಸರು: ಡ್ರಮ್ಮರ್ ಬಿಟ್ಟುಹೋದ ಮೇಲೆ ರಮೋನ್ಸ್ ಆಲ್ಬಂ ಮಾಡಿದ್ದು ಹೇಗೆ?

(ಪಾಡ್‌ಕಾಸ್ಟ್ ಸಂಚಿಕೆಯ ಲಿಖಿತ ರೂಪ. ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ಸಣ್ಣ ತಿದ್ದುಪಡಿ ಮಾಡಲಾಗಿದೆ.)



ಇವತ್ತಿನ ಕಥೆ ಶುರುವಾಗೋದು ಒಂದು ಟಿ-ಶರ್ಟ್‌ನಿಂದ. ಕಪ್ಪು ಬಣ್ಣದ್ದು. ಎದೆ ಮೇಲೆ ಒಂದು ದೊಡ್ಡ ವೃತ್ತ, ಮಧ್ಯೆ ಹದ್ದು, ಹದ್ದಿನ ಒಂದು ಕಾಲಲ್ಲಿ ಬೇಸ್‌ಬಾಲ್ ಬ್ಯಾಟು, ಮೇಲೆ ದಪ್ಪ ಅಕ್ಷರದಲ್ಲಿ ‘ರಮೋನ್ಸ್’. ನೀವೂ ನೋಡೇ ಇರ್ತೀರ. ಕಾಲೇಜು ಕ್ಯಾಂಪಸ್‌ನಲ್ಲಿ, ಮಾಲ್‌ನಲ್ಲಿ, ಮೆಟ್ರೋದಲ್ಲಿ ಯಾರಾದ್ರೂ ಒಬ್ಬರು ಹಾಕ್ಕೊಂಡಿರ್ತಾರೆ. ಕೇಳಿದ್ರೆ, ಅದೊಂದು ಬಟ್ಟೆ ಬ್ರ್ಯಾಂಡ್ ಅಂತಾರೆ. ನಾನೂ ಹಾಗೇ ಅಂದ್ಕೊಂಡಿದ್ದೆ.

ಡಿಗ್ರಿ ಓದುವಾಗ ನಾನೂ ನನ್ನ ಗೆಳೆಯನೂ ಕಮರ್ಷಿಯಲ್ ಸ್ಟ್ರೀಟ್‌ನಲ್ಲಿ ಅಂಥದ್ದೇ ಎರಡು ಟಿ-ಶರ್ಟ್ ತಗೊಂಡ್ವಿ, ಬೇರೆ ಬೇರೆ ಅಂಗಡಿಯಲ್ಲಿ. ರೂಮಿಗೆ ಬಂದು ನೋಡಿದ್ರೆ ಒಂದು ವ್ಯತ್ಯಾಸ. ವೃತ್ತದ ಸುತ್ತ ನಾಲ್ಕು ಹೆಸರು ಇದ್ವು. ಜಾನಿ, ಜೋಯಿ, ಡೀ ಡೀ, ಇವು ಮೂರು ಎರಡರಲ್ಲೂ ಒಂದೇ. ನಾಲ್ಕನೇದು ಅವನ ಶರ್ಟ್‌ನಲ್ಲಿ ‘ಟಾಮಿ’, ನನ್ನ ಶರ್ಟ್‌ನಲ್ಲಿ ‘ಮಾರ್ಕಿ’. ನಿಂದು ಡೂಪ್ಲಿಕೇಟು, ಇಲ್ಲ ನಿಂದೇ ಡೂಪ್ಲಿಕೇಟು ಅಂತ ಒಂದು ವಾರ ಜಗಳ ಆಡಿದ್ವಿ.

ಎರಡೂ ಸರಿನೇ ಇತ್ತು. ಆ ಎರಡು ಹೆಸರಿನ ಮಧ್ಯೆ ಒಂದು ಆಲ್ಬಂ ಇದೆ. 1978ರ ಸೆಪ್ಟೆಂಬರ್‌ನಲ್ಲಿ ಬಂದ ‘ರೋಡ್ ಟು ರೂಯಿನ್’. ಇವತ್ತು ಅದರ ಬಗ್ಗೆ ಮಾತಾಡ್ತೀನಿ. ಈಗಲೇ ಯಾಕೆ ಅನ್ನೋದಕ್ಕೆ ಒಂದು ಸ್ವಂತ ಕಾರಣವೂ ಇದೆ, ಕೊನೆಗೆ ಬರ್ತೀನಿ.

ಮೊದಲು, ಇವರು ಯಾರು?

ನ್ಯೂಯಾರ್ಕ್ ನಗರದ ಕ್ವೀನ್ಸ್ ಭಾಗದಲ್ಲಿ ಫಾರೆಸ್ಟ್ ಹಿಲ್ಸ್ ಅಂತ ಒಂದು ಬಡಾವಣೆ. ಅಲ್ಲಿನ ನಾಲ್ಕು ಜನ ಹುಡುಗರು 1974ರಲ್ಲಿ ಕಟ್ಟಿದ ಬ್ಯಾಂಡು ರಮೋನ್ಸ್. ನಾಲ್ವರೂ ‘ರಮೋನ್’ ಅಂತ ಒಂದೇ ಅಡ್ಡಹೆಸರು ಇಟ್ಕೊಂಡ್ರು, ಆದ್ರೆ ಅಣ್ಣತಮ್ಮಂದಿರಲ್ಲ. ನಾಲ್ಕೂ ಮನೆ ಬೇರೆ ಬೇರೆ.

ಆ ಕಾಲದ ರಾಕ್ ಸಂಗೀತ ಅಂದ್ರೆ ಉದ್ದುದ್ದ ಹಾಡು, ಹತ್ತು ನಿಮಿಷದ ಗಿಟಾರ್ ಸೋಲೋ, ದೊಡ್ಡ ದೊಡ್ಡ ಸ್ಟೇಡಿಯಂ. ಇವರು ಅದನ್ನೆಲ್ಲ ಕಿತ್ತುಹಾಕಿದ್ರು. ಎರಡು ನಿಮಿಷದ ಹಾಡು, ಮೂರ್ನಾಲ್ಕು ಕಾರ್ಡ್, ಸೋಲೋ ಇಲ್ಲವೇ ಇಲ್ಲ ಅನ್ನಬಹುದು. ಸಿಬಿಜಿಬಿ ಅನ್ನೋ ಪುಟ್ಟ ಕ್ಲಬ್‌ನಲ್ಲಿ ನುಡಿಸ್ತಾ ನುಡಿಸ್ತಾ ಬೆಳೆದ್ರು. ಪಂಕ್ ರಾಕ್ ಅಂತ ಇವತ್ತು ನಾವು ಏನನ್ನ ಕರೀತೀವೋ ಅದಕ್ಕೆ ಅಚ್ಚು ಹಾಕಿಕೊಟ್ಟವರಲ್ಲಿ ಇವರು ಮೊದಲಿಗರು.

1976ರ ಏಪ್ರಿಲ್‌ನಲ್ಲಿ ಮೊದಲ ಆಲ್ಬಂ ಬಂತು. 14 ಹಾಡು, ಒಟ್ಟು ಸುಮಾರು 29 ನಿಮಿಷ. ವಿಜಯನಗರದಲ್ಲಿ ಮೆಟ್ರೋ ಹತ್ತಿದ್ರೆ ಇಂದಿರಾನಗರ ಬರೋಷ್ಟರಲ್ಲಿ ಹೆಚ್ಚುಕಮ್ಮಿ ಇಡೀ ಆಲ್ಬಂ ಮುಗಿದಿರುತ್ತೆ. ರೆಕಾರ್ಡಿಂಗ್ ಖರ್ಚು 6,400 ಡಾಲರ್. ಬಿಕಾಂ ಓದಿದವನಿಗೆ ಇಂಥ ಬಜೆಟ್ ನೋಡಿದ್ರೆ ಕಣ್ಣಲ್ಲಿ ನೀರು ಬರುತ್ತೆ ಕಣ್ರೀ, ಅಷ್ಟು ಶಿಸ್ತು. 1977ರ ಜನವರಿಯಲ್ಲಿ ಎರಡನೇ ಆಲ್ಬಂ, ಅದೇ ವರ್ಷ ನವೆಂಬರ್‌ನಲ್ಲಿ ಮೂರನೇದು, ‘ರಾಕೆಟ್ ಟು ರಷ್ಯಾ’. ಒಂದೂವರೆ ವರ್ಷದಲ್ಲಿ ಮೂರು ಆಲ್ಬಂ. ಇದರ ಜೊತೆಗೆ ಒಂದು ವ್ಯಾನಲ್ಲಿ ಕೂತು ಊರಿಂದ ಊರಿಗೆ ಶೋ.

ಅಲ್ಲಿಗೆ ಒಬ್ಬನಿಗೆ ಸಾಕಾಗಿ ಹೋಯ್ತು. ಅವನೇ ನಾಲ್ಕನೇ ಹೆಸರು, ಟಾಮಿ.

ಟಾಮಿ ಮಾಡ್ತಿದ್ದ ಕೆಲಸ ಎಷ್ಟು?

ಈ ಪ್ರಶ್ನೆ ಇಡೀ ಸಂಚಿಕೆಯ ತಿರುಳು, ಹಾಗಾಗಿ ಸ್ವಲ್ಪ ನಿಧಾನಕ್ಕೆ ಹೋಗೋಣ.

ಹೊರಗಿಂದ ನೋಡಿದ್ರೆ ಟಾಮಿ ಡ್ರಮ್ಮರ್. ಆದ್ರೆ ಅವನು ಬ್ಯಾಂಡಿಗೆ ಬಂದಿದ್ದು ಡ್ರಮ್ಮರ್ ಆಗಿ ಅಲ್ಲ. 1949ರಲ್ಲಿ ಹಂಗೆರಿಯ ಬುಡಾಪೆಸ್ಟ್‌ನಲ್ಲಿ ಹುಟ್ಟಿದ ಈ ಹುಡುಗ, ನಿಜವಾದ ಹೆಸರು ಥಾಮಸ್ ಎರ್ಡೆಲಿ, ಮೊದಲು ಗಿಟಾರ್ ನುಡಿಸ್ತಿದ್ದ. ನ್ಯೂಯಾರ್ಕ್‌ನ ರೆಕಾರ್ಡ್ ಪ್ಲಾಂಟ್ ಸ್ಟುಡಿಯೋದಲ್ಲಿ ಸಹಾಯಕ ಇಂಜಿನಿಯರ್ ಆಗಿ ಕೆಲಸ ಮಾಡಿದ್ದ. ರಮೋನ್ಸ್‌ಗೆ ಬಂದಿದ್ದು ಮ್ಯಾನೇಜರ್ ಆಗಿ. ಆಗ ಡ್ರಮ್ಸ್ ನುಡಿಸ್ತಿದ್ದವನು ಜೋಯಿ. ಅವನ ದನಿ ಚೆನ್ನಾಗಿದೆ ಅಂತ ಅವನನ್ನ ಹಾಡೋಕೆ ಮುಂದೆ ನಿಲ್ಲಿಸಿದ್ರು. ಡ್ರಮ್ಮರ್ ಬೇಕು ಅಂತ ಒಂದಷ್ಟು ಜನರನ್ನ ಕರೆಸಿ ನೋಡಿದ್ರು. ಯಾರೂ ಹೊಂದಲಿಲ್ಲ. ‘ಹೀಗೆ ನುಡಿಸ್ಬೇಕಪ್ಪಾ’ ಅಂತ ತೋರಿಸೋಕೆ ಹೋದ ಟಾಮಿ ಅಲ್ಲೇ ಕೂತುಬಿಟ್ಟ.

ಅಂದ್ರೆ ಅವನ ಕೆಲಸದ ಪಟ್ಟಿ ಹೀಗಿತ್ತು. ಒಂದು, ಡ್ರಮ್ಸ್. ಎರಡು, ಹಾಡು ಬರೆಯೋದು. ಇವರ ಅತಿ ಪ್ರಸಿದ್ಧ ಹಾಡು ‘ಬ್ಲಿಟ್ಜ್‌ಕ್ರೀಗ್ ಬಾಪ್’ನಲ್ಲಿ ದೊಡ್ಡ ಪಾಲು ಅವನದ್ದೇ. ಮೂರು, ಸ್ಟುಡಿಯೋದಲ್ಲಿ ನಿರ್ಮಾಪಕರ ಪಕ್ಕ ಕೂತು, ಈ ಬ್ಯಾಂಡು ಹೇಗೆ ಕೇಳಿಸಬೇಕು ಅಂತ ತೀರ್ಮಾನ ಮಾಡೋದು. ನಾಲ್ಕು, ಪಟ್ಟಿಯಲ್ಲಿ ಬರೆಯೋಕಾಗದ ಕೆಲಸ: ಒಬ್ಬರಿಗೊಬ್ಬರು ಸರಿಹೋಗದ ಮೂವರ ಮಧ್ಯೆ ಇರೋದು. ಐದು, ವ್ಯಾನ್ ಹತ್ತಿ ವರ್ಷವಿಡೀ ತಿರುಗೋದು.

ಅವನಿಗೆ ಸಾಕಾಗಿದ್ದು ಮುಖ್ಯವಾಗಿ ಈ ಐದನೇದು. ಆದ್ರೆ ಡ್ರಮ್ಸ್ ನುಡಿಸ್ಬೇಕು ಅಂದ್ರೆ ವ್ಯಾನ್ ಹತ್ತಲೇಬೇಕು. ಹಾಗಾಗಿ 1978ರ ಮೇ 4ರಂದು, ಅದೇ ಸಿಬಿಜಿಬಿ ಕ್ಲಬ್‌ನಲ್ಲಿ ಕೊನೇ ಶೋ ನುಡಿಸಿ ಸ್ಟೂಲ್‌ನಿಂದ ಎದ್ದ.

ಸ್ಟೂಲ್‌ನಿಂದ ಎದ್ದ ಅಂದೆ, ಬ್ಯಾಂಡ್ ಬಿಟ್ಟ ಅನ್ನಲಿಲ್ಲ. ವ್ಯತ್ಯಾಸ ಗಮನಿಸಿ.

ಪಾಲುದಾರ ನಿವೃತ್ತಿ ಆದಾಗ

ಸೆಕೆಂಡ್ ಪಿಯುಸಿಯಲ್ಲಿ ಕಾಮರ್ಸ್ ತಗೊಂಡವರಿಗೆಲ್ಲ ಒಂದು ಪಾಠ ನೆನಪಿರುತ್ತೆ: ಪಾಲುದಾರನ ನಿವೃತ್ತಿ. ಎ, ಬಿ, ಸಿ ಮೂವರು ಸೇರಿ ಒಂದು ಫರ್ಮ್ ನಡೆಸ್ತಿರ್ತಾರೆ. ಸಿ ನಿವೃತ್ತಿ ಆಗ್ತಾನೆ. ಹಳೇ ಲಾಭದ ಅನುಪಾತ, ಹೊಸ ಅನುಪಾತ, ಗುಡ್‌ವಿಲ್ ಲೆಕ್ಕ, ಸಿಗೆ ಕೊಡಬೇಕಾದ್ದು ಕೊಟ್ಟು ಅವನ ಖಾತೆ ಮುಚ್ಚು. ಬ್ಯಾಲೆನ್ಸ್ ಶೀಟ್ ಎರಡೂ ಕಡೆ ಟ್ಯಾಲಿ ಆದ್ರೆ ಫುಲ್ ಮಾರ್ಕ್ಸ್.

ಆ ಲೆಕ್ಕದಲ್ಲಿ ಗುಡ್‌ವಿಲ್‌ಗೆ ಜಾಗ ಇದೆ, ಅದು ಒಳ್ಳೇದು. ಫರ್ಮ್ ಸಂಪಾದಿಸಿದ ಹೆಸರಿನಲ್ಲಿ ಹೋಗುವವನಿಗೂ ಪಾಲಿದೆ ಅಂತ ಒಪ್ಪಿಕೊಳ್ಳುತ್ತೆ. ಆದ್ರೆ ಸಿ ದಿನಾ ಬೆಳಗ್ಗೆ ಅಂಗಡಿ ಬಾಗಿಲು ತೆಗೀತಿದ್ನಾ, ಗಿರಾಕಿ ಸಿಟ್ಟಾದಾಗ ಸಮಾಧಾನ ಮಾಡ್ತಿದ್ನಾ, ಎ ಮತ್ತು ಬಿ ಕಿತ್ತಾಡಿದಾಗ ಮಧ್ಯೆ ನಿಲ್ತಿದ್ನಾ, ಇದನ್ನ ಯಾವ ಲೆಡ್ಜರ್‌ನಲ್ಲೂ ಬರೆಯಲ್ಲ. ಸಿ ಹೋದ ಮೇಲೆ ಗೊತ್ತಾಗುತ್ತೆ.

ರಮೋನ್ಸ್ ಕೇಸಲ್ಲಿ ಆಗಿದ್ದು ಬೇರೆ. ಡ್ರಮ್ಸ್‌ಗೆ ಹೊಸಬ ಬಂದ. ಸ್ಟುಡಿಯೋ ಕೆಲಸಕ್ಕೆ ಟಾಮಿಯೇ ಉಳಿದ. ‘ರೋಡ್ ಟು ರೂಯಿನ್’ ಆಲ್ಬಂನ ನಿರ್ಮಾಪಕರ ಹೆಸರು ನೋಡಿ: ಟಿ. ಎರ್ಡೆಲಿ ಮತ್ತು ಎಡ್ ಸ್ಟೇಸಿಯಂ. ಆ ‘ಟಿ. ಎರ್ಡೆಲಿ’ ಟಾಮಿಯೇ. ತಾನು ಎದ್ದ ಸ್ಟೂಲ್ ಮೇಲೆ ಇನ್ನೊಬ್ಬ ಕೂತು ನುಡಿಸ್ತಿದ್ರೆ, ಗಾಜಿನ ಈಚೆ ಕೂತು ಅದನ್ನ ಚೆನ್ನಾಗಿ ರೆಕಾರ್ಡ್ ಮಾಡೋದು ಅವನ ಕೆಲಸ. ಎಷ್ಟು ಜನಕ್ಕೆ ಆಗುತ್ತೆ ಹೇಳಿ?

ಹೊಸಬನ ಕಷ್ಟ

ಬಂದವನು ಮಾರ್ಕ್ ಬೆಲ್, ಬ್ರೂಕ್ಲಿನ್ ಹುಡುಗ. ಹೊಸಬ ಅಂದ್ರೂ ಅನನುಭವಿ ಅಲ್ಲ. ಡಸ್ಟ್ ಅನ್ನೋ ಹಾರ್ಡ್ ರಾಕ್ ಬ್ಯಾಂಡಲ್ಲಿದ್ದವನು; ರಿಚರ್ಡ್ ಹೆಲ್‌ನ ವಾಯ್ಡಾಯ್ಡ್ಸ್ ಜೊತೆ 1977ರ ‘ಬ್ಲ್ಯಾಂಕ್ ಜನರೇಷನ್’ ಆಲ್ಬಂನಲ್ಲಿ ನುಡಿಸಿದವನು. ರಮೋನ್ಸ್‌ಗೆ ಬಂದು ಲೆದರ್ ಜಾಕೆಟ್ ಹಾಕ್ಕೊಂಡು ಮಾರ್ಕಿ ರಮೋನ್ ಆದ.

ಅಷ್ಟು ಅನುಭವ ಇರೋನಿಗೆ ಈ ಸರಳ ಹಾಡು ಎಷ್ಟರದ್ದು ಅನ್ಸುತ್ತೆ ಅಲ್ವಾ? ಇಲ್ಲೇ ಎಡವೋದು. ಡ್ರಮ್ ಕಿಟ್‌ನಲ್ಲಿ ಎಡಗಡೆ ಒಂದರ ಮೇಲೊಂದು ಎರಡು ತಾಳದ ಥರ ಇರುತ್ತಲ್ಲ, ಹೈ-ಹ್ಯಾಟ್ ಅಂತ. ರಮೋನ್ಸ್ ಹಾಡಲ್ಲಿ ಅದರ ಮೇಲೆ ಕೋಲು ನಿಲ್ಲೋದೇ ಇಲ್ಲ. ‘ಬ್ಲಿಟ್ಜ್‌ಕ್ರೀಗ್ ಬಾಪ್’ ನಿಮಿಷಕ್ಕೆ ಸುಮಾರು 175 ಬೀಟ್ ವೇಗದ ಹಾಡು. ಒಂದೊಂದು ಬೀಟ್‌ಗೆ ಎರಡು ಏಟು ಅಂದ್ರೆ ನಿಮಿಷಕ್ಕೆ 350, ಸೆಕೆಂಡಿಗೆ ಹೆಚ್ಚುಕಮ್ಮಿ ಆರು. ಹಾಡು ಎರಡೇ ನಿಮಿಷ ನಿಜ. ಆದ್ರೆ ಸ್ಟೇಜ್ ಮೇಲೆ ಒಂದು ಮುಗಿದ ಕೂಡಲೇ ಡೀ ಡೀ ‘ಒನ್-ಟೂ-ಥ್ರೀ-ಫೋರ್’ ಅಂತ ಕೂಗಿ ಇನ್ನೊಂದು ಶುರು. ಬೆವರು ಒರೆಸೋಕೂ ಟೈಮಿಲ್ಲ. 1977ರ ಡಿಸೆಂಬರ್ 31ರ ರಾತ್ರಿ ಲಂಡನ್ನಿನಲ್ಲಿ ಟಾಮಿ ನುಡಿಸಿದ ಶೋ ‘ಇಟ್ಸ್ ಅಲೈವ್’ ಅನ್ನೋ ಹೆಸರಲ್ಲಿ ಆಲ್ಬಂ ಆಗಿದೆ. ಒಂದು ಗಂಟೆಯೊಳಗೆ 28 ಹಾಡು!

ಇದು ಎಷ್ಟು ಕಷ್ಟ ಅನ್ನೋದಕ್ಕೆ ಒಂಬತ್ತು ವರ್ಷದ ನಂತರದ ಒಂದು ಘಟನೆ ಸಾಕ್ಷಿ. 1987ರಲ್ಲಿ ಮತ್ತೆ ಡ್ರಮ್ಮರ್ ಜಾಗ ಖಾಲಿ ಆಯ್ತು. ಬ್ಲಾಂಡಿ ಬ್ಯಾಂಡಿನ ಕ್ಲೆಮ್ ಬರ್ಕ್ ಬಂದ, ‘ಎಲ್ವಿಸ್ ರಮೋನ್’ ಅಂತ ಹೆಸರಿಟ್ರು. ಬರ್ಕ್ ಸಾಮಾನ್ಯದವನಲ್ಲ, ಬಹಳ ದೊಡ್ಡ ಡ್ರಮ್ಮರ್. ಆದ್ರೆ ಅವನ ಕೈಯ ನಡೆಯೇ ಬೇರೆ. ಎರಡು ಶೋ ಆಯ್ತು, ಅಷ್ಟಕ್ಕೇ ಮುಗೀತು.

ನಾನು ಸಾಗರದ ಕಡೆಯವನು. ನಮ್ಮಲ್ಲಿ ಯಕ್ಷಗಾನ ನೋಡೋರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ಒಂದು ತಿರುಗಾಟ ಮುಗಿದು ಇನ್ನೊಂದು ಶುರುವಾಗೋಷ್ಟರಲ್ಲಿ ಕಲಾವಿದರು ಮೇಳ ಬದಲಿಸಿರ್ತಾರೆ. ಅದೇ ಮೇಳ, ಅದೇ ಪ್ರಸಂಗ, ಭಾಗವತರು ಮಾತ್ರ ಹೊಸಬರು. ನಮ್ಮಜ್ಜ ಮೊದಲ ಎರಡು ಪದ್ಯ ಕೇಳೋವರೆಗೂ ಬಾಯಲ್ಲಿದ್ದ ಕವಳ ಜಗೀತಿರಲಿಲ್ಲ. ಆಮೇಲೆ ಒಂದೋ ನೆಟ್ಟಗೆ ಕೂರ್ತಿದ್ರು, ಇಲ್ಲಾ ಕಂಬಳಿ ಹೊದ್ದು ಮಲಗ್ತಿದ್ರು.

ಮಾರ್ಕಿಗೆ ಈ ನಡೆ ಹಿಡಿಯೋಕೆ ಸಹಾಯ ಮಾಡಿದ್ದು ಟಾಮಿ. ಹಳೇ ಹಾಡಿಗೆ ಹಳೇ ನಡೆ, ಅದರಲ್ಲಿ ರಾಜಿ ಇಲ್ಲ. ಹೊಸ ಹಾಡಿಗೆ ಮಾತ್ರ ಮಾರ್ಕಿಯ ಕೈ ಮಾರ್ಕಿಯದ್ದೇ, ಟಾಮಿಗಿಂತ ಸ್ವಲ್ಪ ಭಾರ. ಆಲ್ಬಂ ಹಾಕಿದ ಕೂಡಲೇ ಅದು ಗೊತ್ತಾಗುತ್ತೆ.

ಆಲ್ಬಂನಲ್ಲಿ ಬದಲಾಗಿದ್ದೇನು?

ಟಾಮಿ ಎದ್ದು ಐದು ತಿಂಗಳು ಆಗೋದ್ರೊಳಗೆ ಆಲ್ಬಂ ಅಂಗಡಿಯಲ್ಲಿತ್ತು. ನ್ಯೂಯಾರ್ಕ್‌ನ ಮೀಡಿಯಾ ಸೌಂಡ್ ಸ್ಟುಡಿಯೋದಲ್ಲಿ ರೆಕಾರ್ಡಿಂಗ್.

ಹಿಂದಿನ ಮೂರರಲ್ಲೂ 14 ಹಾಡಿದ್ವು, ಇದರಲ್ಲಿ 12. ಒಟ್ಟು ಅವಧಿ ಮೊದಲ ಸಲ ಅರ್ಧ ಗಂಟೆ ದಾಟಿತು. ಅಕೂಸ್ಟಿಕ್ ಗಿಟಾರ್ ಬಂತು. ‘ಕ್ವೆಶ್ಚನಿಂಗ್ಲಿ’ ಅಂತ ಒಂದು ನಿಧಾನದ, ಮನಸ್ಸು ಮುರಿದವನ ಹಾಡು ಬಂತು. ಅರವತ್ತರ ದಶಕದ ‘ನೀಡಲ್ಸ್ ಆ್ಯಂಡ್ ಪಿನ್ಸ್’ ಹಾಡನ್ನ ತಮ್ಮ ಥರ ಹಾಡಿದ್ರು. ಗಿಟಾರ್ ಸೋಲೋ ಕೂಡ ಬಂತು. ಕೆಲವು ಕಡೆ ನಿರ್ಮಾಪಕ ಸ್ಟೇಸಿಯಂ ಗಿಟಾರ್ ಹಿಡಿದ.

ಡ್ರಮ್ಮರ್ ಬದಲಾದ, ಅದಕ್ಕೇ ಸೌಂಡ್ ಬದಲಾಯ್ತು ಅಂತ ಸುಲಭವಾಗಿ ಹೇಳಿಬಿಡಬಹುದು. ಆದ್ರೆ ಅದು ತಪ್ಪು ಲೆಕ್ಕ. ಹಿಂದಿನ ಆಲ್ಬಂ ‘ರಾಕೆಟ್ ಟು ರಷ್ಯಾ’ ವಿಮರ್ಶಕರಿಗೆ ಇಷ್ಟ ಆದ್ರೂ ಅಮೆರಿಕದ ಚಾರ್ಟ್‌ನಲ್ಲಿ 49ನೇ ಸ್ಥಾನಕ್ಕೆ ನಿಂತಿತ್ತು. ರೇಡಿಯೋದವರು ಇವರ ಹಾಡು ಹಾಕ್ತಿರಲಿಲ್ಲ. ರೇಡಿಯೋಗೆ ಒಪ್ಪೋ ಥರ ಮಾಡೋಣ ಅನ್ನೋ ಆಸೆ ಎಲ್ಲರಲ್ಲೂ ಇತ್ತು. ಹೊಸ ಸೌಂಡ್‌ಗೆ ಕಾರಣ ಆ ಆಸೆ. ಅದನ್ನ ಕೈಯಾರೆ ಮಾಡಿಕೊಟ್ಟವರಲ್ಲಿ ಒಬ್ಬ, ‘ಬಿಟ್ಟುಹೋದ’ ಟಾಮಿಯೇ. ಆದ್ರೆ ಹೊರಗಿನವರ ಕಣ್ಣಿಗೆ ಬೀಳೋದು ಹೊಸ ಮುಖ, ಹೊಸಬನ ತಲೆಗೇ ಎಲ್ಲ ಕಟ್ತಾರೆ. ಆಫೀಸಲ್ಲೂ ಹೀಗೇ ಅಲ್ವಾ?

ಕವರ್ ಕಥೆ ಇನ್ನೂ ಮಜವಾಗಿದೆ. ಒಬ್ಬ ಅಭಿಮಾನಿ ಬ್ಯಾಂಡಿನ ಕಾರ್ಟೂನ್ ಚಿತ್ರ ಬರೆದು ಕಳಿಸಿದ್ದ. ಅದರಲ್ಲಿ ಇದ್ದವನು ಟಾಮಿ. ‘ಪಂಕ್’ ಪತ್ರಿಕೆಯ ಜಾನ್ ಹೋಮ್‌ಸ್ಟ್ರಾಮ್ ಕೈಯಲ್ಲಿ ಅದನ್ನ ಮತ್ತೆ ಬರೆಸಿ ಮಾರ್ಕಿಯನ್ನ ಕೂರಿಸಿದ್ರು.

ಫಲ ಏನು? ಅಮೆರಿಕದಲ್ಲಿ 103ನೇ ಸ್ಥಾನ. ಹಿಂದಿನದ್ದಕ್ಕಿಂತ ಎಷ್ಟೋ ಕೆಳಗೆ. ವ್ಯಾಪಾರದ ದೃಷ್ಟಿಯಿಂದ ಸೋಲೇ. ಆದ್ರೆ ಇದೇ ಆಲ್ಬಂನಲ್ಲಿ, ಊರೂರು ತಿರುಗಿ ಸುಸ್ತಾಗಿದ್ದ ಜೋಯಿ ಬರೆದ ‘ಐ ವಾನ್ನ ಬಿ ಸೆಡೇಟೆಡ್’ ಇದೆ. ಅದರ ಸೋಲೋ ಏನು ಗೊತ್ತಾ? ಒಂದೇ ಸ್ವರ, ಮತ್ತೆ ಮತ್ತೆ ಅದೇ ಸ್ವರ. ಇವತ್ತು ರಮೋನ್ಸ್ ಅಂದ ಕೂಡಲೇ ಜನ ಹೇಳೋ ಎರಡು ಮೂರು ಹಾಡಲ್ಲಿ ಅದೂ ಒಂದು. ಅಲ್ಲಿ ಡ್ರಮ್ಸ್ ನುಡಿಸಿದವನು ಮಾರ್ಕಿ, ಅದನ್ನ ಹಿಡಿದಿಟ್ಟವನು ಟಾಮಿ. ತಿರುಗಾಟ ಸಾಕಾಯ್ತು ಅನ್ನೋ ಭಾವದ ಹಾಡು, ಅದೇ ಕಾರಣಕ್ಕೆ ಎದ್ದುಹೋದವನ ಕೈಯಲ್ಲೇ ರೆಕಾರ್ಡ್ ಆಗಿದೆ.

ಹೀಗೆ ಆಗದಿದ್ರೆ ಏನಾಗುತ್ತೆ?

ಅಟ್ಲಾಂಟಿಕ್ ಆಚೆ, ಲಂಡನ್ನಿನ ದಿ ಕ್ಲ್ಯಾಶ್ ಬ್ಯಾಂಡಿನ ಕಥೆ ಇದಕ್ಕೆ ಉಲ್ಟಾ. 1983ರಲ್ಲಿ ಗಿಟಾರಿಸ್ಟ್ ಮಿಕ್ ಜೋನ್ಸ್‌ನನ್ನ ಹೊರಗೆ ಹಾಕಿದ್ರು. ಅವನ ಜಾಗಕ್ಕೆ ಒಬ್ಬರಲ್ಲ, ಇಬ್ಬರು ಗಿಟಾರಿಸ್ಟ್ ಬಂದ್ರು. ಆದ್ರೆ ಜೋನ್ಸ್ ಬರೀ ಗಿಟಾರ್ ನುಡಿಸ್ತಿರಲಿಲ್ಲ. ರಾಗ ಕಟ್ಟೋದು, ಸ್ಟುಡಿಯೋದಲ್ಲಿ ಹಾಡಿಗೆ ಆಕಾರ ಕೊಡೋದು ಅವನ ಕೈಲಿತ್ತು. ಆ ಕೆಲಸ ಮ್ಯಾನೇಜರ್ ಬರ್ನಿ ರೋಡ್ಸ್ ಕೈಗೆ ಹೋಯ್ತು. ಹೊಸಬರನ್ನ ಸರಿಯಾಗಿ ಬಳಸಿಕೊಳ್ಳಲೂ ಇಲ್ಲ. ಡ್ರಮ್ಮರ್ ಇದ್ರೂ ಡ್ರಮ್ ಮಷೀನ್ ಬಂತು. 1985ರಲ್ಲಿ ಬಂದ ‘ಕಟ್ ದಿ ಕ್ರ್ಯಾಪ್’ ಅವರ ಕೊನೇ ಆಲ್ಬಂ ಆಯ್ತು. 1988ರಲ್ಲಿ ಬ್ಯಾಂಡಿನ ಕಥೆ ಹೇಳೋ ಸಂಗ್ರಹ ಬಂದಾಗ ಅದರಿಂದ ಒಂದು ಹಾಡನ್ನೂ ಸೇರಿಸಲಿಲ್ಲ.

ರಮೋನ್ಸ್‌ನವರು ಮಾತ್ರ ಟಾಮಿ ಹತ್ರ ಮತ್ತೆ ಹೋದ್ರು. 1984ರ ‘ಟೂ ಟಫ್ ಟು ಡೈ’ಗೆ ಟಾಮಿ-ಸ್ಟೇಸಿಯಂ ಜೋಡಿ ವಾಪಸ್ ಬಂತು, ಆಗ ಡ್ರಮ್ಸ್‌ನಲ್ಲಿ ಇದ್ದವನು ಮೂರನೆಯವನು, ರಿಚಿ. 1989ರಲ್ಲಿ ಡೀ ಡೀ ಬಿಟ್ಟಾಗ ಬೇಸ್ ಗಿಟಾರ್‌ಗೆ ಸಿ.ಜೆ. ಬಂದ, ಆದ್ರೆ ಡೀ ಡೀ ಈ ಬ್ಯಾಂಡಿಗೆ ಹಾಡು ಬರೆಯೋದು ನಿಲ್ಲಿಸಲಿಲ್ಲ. 1992ರ ‘ಪಾಯ್ಸನ್ ಹಾರ್ಟ್’ನಲ್ಲಿ ಅವನ ಕೈ ಇದೆ. ಇವರೇನು ಬಹಳ ಪ್ರೀತಿಯಿಂದ ಇದ್ದ ಕುಟುಂಬ ಅಂದ್ಕೋಬೇಡಿ. ಜೋಯಿ ಮತ್ತು ಜಾನಿ ಒಂದೇ ವ್ಯಾನಲ್ಲಿ ಕೂತು ವರ್ಷಗಟ್ಟಲೆ ಮಾತು ಬಿಟ್ಟಿದ್ದವರು. ಆದ್ರೂ 1996ರವರೆಗೆ 2,263 ಶೋ ಕೊಟ್ರು.

ಈಗ ನನ್ನ ಕಥೆ

ಟಾಮಿ ಶರ್ಟ್ ಹಾಕ್ಕೋತಿದ್ದ ಗೆಳೆಯನೇ ಈ ಪಾಡ್‌ಕಾಸ್ಟ್‌ನ ಇನ್ನೊಂದು ದನಿ ಆಗಿದ್ದ. ಹೆಸರು ಹೇಳ್ಬೇಡ ಅಂದಿದಾನೆ. ಮೂರು ತಿಂಗಳ ಹಿಂದೆ ಕೆಲಸ ಪುಣೆಗೆ ವರ್ಗ ಆಯ್ತು, ಬಿಟ್ಟ. ನಾನು ತಕ್ಷಣ ಕಾಲೇಜಿನ ಜೂನಿಯರ್ ಒಬ್ಬಳನ್ನ ಕರೆದೆ. ಮೈಕ್ ಮುಂದೆ ಕೂರಿಸಿದೆ. ಅವನು ಜೋಕ್ ಹೊಡೀತಿದ್ದ ಜಾಗದಲ್ಲಿ ಜೋಕ್ ಹೊಡಿ, ಅವನು ನಗ್ತಿದ್ದ ಹಾಗೆ ನಗು ಅಂತ ಹೇಳಿದೆ. ಪಾಪ, ಅವಳು ಪ್ರಯತ್ನ ಮಾಡಿದ್ಳು. ಎರಡು ಸಂಚಿಕೆ ಹೋಯ್ತು. ‘ಏನೋ ಮಿಸ್ಸಿಂಗ್ ಬ್ರೋ’ ಅಂತ ನಿಮ್ಮಲ್ಲೇ ಎಷ್ಟೋ ಜನ ಮೆಸೇಜ್ ಹಾಕಿದ್ರಿ. ನಾನು ತಪ್ಪೆಲ್ಲ ಅವಳದ್ದು ಅಂದ್ಕೊಂಡೆ. ಅವಳಿಗೆ ಹೇಳಿದೆ ಕೂಡ. ಆ ವಾರ ಅವಳು ರೆಕಾರ್ಡಿಂಗ್‌ಗೆ ಬರಲಿಲ್ಲ.

ಆಮೇಲೆ ಒಂದು ಹಾಳೆ ತಗೊಂಡು ಗೆಳೆಯ ಏನೇನು ಮಾಡ್ತಿದ್ದ ಅಂತ ಬರೆದೆ. ಮಾತಾಡೋದು. ಎಡಿಟಿಂಗ್. ಮೂರನೇದು, ನಾನು ಬರೆದಿದ್ದನ್ನ ಓದಿ ‘ಲೋ, ಇದು ಬೋರು, ತೆಗಿ’ ಅನ್ನೋದು. ಖಾಲಿ ಬಿದ್ದಿದ್ದು ಆ ಮೂರನೇ ಜಾಗ. ಅವಳು ಎಷ್ಟು ಚೆನ್ನಾಗಿ ಮಾತಾಡಿದ್ರೂ ಅದು ತುಂಬಲ್ಲ, ಯಾಕಂದ್ರೆ ತಪ್ಪಿದ್ದಿದ್ದು ನನ್ನ ಸ್ಕ್ರಿಪ್ಟ್‌ನಲ್ಲಿ.

ಇನ್ನೊಂದು ವಿಷಯವೂ ನೆನಪಾಯ್ತು. ಎರಡು ವರ್ಷದ ಜಾಹೀರಾತು ದುಡ್ಡಲ್ಲಿ ಖರ್ಚು ಕಳೆದು 18,400 ರೂಪಾಯಿ ನನ್ನ ಖಾತೆಯಲ್ಲಿತ್ತು. ಅವನು ಕೇಳಿರಲಿಲ್ಲ. ನಾನು ಕೊಟ್ಟಿರಲಿಲ್ಲ. ಗುಡ್‌ವಿಲ್ ಲೆಕ್ಕ ಬಿಡಿ, ಕೈಯಲ್ಲಿದ್ದ ಕ್ಯಾಶ್ ಹಂಚಿರಲಿಲ್ಲ. ಬಿಕಾಂ ಫಸ್ಟ್ ಕ್ಲಾಸ್ ನಾನು!

9,200 ರೂಪಾಯಿ ಕಳಿಸಿ ಫೋನ್ ಮಾಡಿದೆ. ಸ್ವಲ್ಪ ಹೊತ್ತು ಅವನು ಏನೂ ಮಾತಾಡಲಿಲ್ಲ. ‘ಈಗ ನೆನಪಾಯ್ತೇನೋ ನಿಂಗೆ?’ ಅಂದ. ಸಿಟ್ಟು ಇತ್ತು, ಇರಬೇಕಾದ್ದೇ. ಆಮೇಲೆ, ‘ಮೈಕ್ ಮುಂದೆ ಕೂರಲ್ಲ ಮಗಾ, ಆಗಲ್ಲ. ಸ್ಕ್ರಿಪ್ಟ್ ಕಳ್ಸು. ಭಾನುವಾರ ಮಾತ್ರ ನೋಡ್ತೀನಿ’ ಅಂದ.

ಜೂನಿಯರ್‌ಗೂ ಫೋನ್ ಮಾಡಿ ತಪ್ಪಾಯ್ತು ಅಂದೆ. ಮುಂದಿನ ಸಂಚಿಕೆ ಪೂರ್ತಿ ಅವಳದ್ದು. ವಿಷಯ ಅವಳೇ ಆರಿಸಿದಾಳೆ. ಏನು ಅಂತ ನನಗೂ ಇನ್ನೂ ಹೇಳಿಲ್ಲ.

ನಿಮ್ಮ ಬ್ಯಾಂಡಿಂದ, ನಾಟಕ ತಂಡದಿಂದ, ಅಂಗಡಿಯಿಂದ ಯಾರಾದ್ರೂ ಹೋಗ್ತಿದ್ರೆ, ಅವರ ಜಾಗಕ್ಕೆ ಯಾರು ಅಂತ ಹುಡುಕೋಕೆ ಮುಂಚೆ ಆ ಹಾಳೆ ಬರೆದು ನೋಡಿ. ಅವರು ಏನೇನು ಮಾಡ್ತಿದ್ರು, ಅದರಲ್ಲಿ ಯಾವುದು ಅವರಿಗೆ ಸಾಕಾಗಿದೆ, ಯಾವುದು ಸಾಕಾಗಿಲ್ಲ ಅಂತ ಅವರನ್ನೇ ಕೇಳಿ. ಕೊಡಬೇಕಾದ್ದು ಕೊಟ್ಟು ಕೇಳಿ.

ಕೇಳೋಕೆ ಹೊರಟೋರಿಗೆ ಒಂದು ಕ್ರಮ: ಮೊದಲು ‘ರಾಕೆಟ್ ಟು ರಷ್ಯಾ’, ತಕ್ಷಣ ‘ರೋಡ್ ಟು ರೂಯಿನ್’. ಗಮನ ಹೈ-ಹ್ಯಾಟ್ ಮೇಲಿರಲಿ. ಎಲ್ಲಿ ಕೈ ಬದಲಾಯ್ತು ಅಂತ ನಿಮಗೇ ಗೊತ್ತಾಗುತ್ತೆ.

ಅಂದ ಹಾಗೆ, ರಮೋನ್ಸ್‌ನ ಮೊದಲ ಆಲ್ಬಂಗೆ ಅಮೆರಿಕದಲ್ಲಿ ಐದು ಲಕ್ಷ ಪ್ರತಿಯ ಗೋಲ್ಡ್ ಮಾನ್ಯತೆ ಸಿಕ್ಕಿದ್ದು 2014ರಲ್ಲಿ, ಬಂದು 38 ವರ್ಷ ಆದ ಮೇಲೆ. ಆ ಹೊತ್ತಿಗೆ ಜೋಯಿ, ಡೀ ಡೀ, ಜಾನಿ ಮೂವರೂ ತೀರಿಕೊಂಡಿದ್ರು. ಮೊದಲ ನಾಲ್ವರಲ್ಲಿ ಅದನ್ನ ನೋಡೋಕೆ ಉಳಿದಿದ್ದವನು ಟಾಮಿ ಒಬ್ಬನೇ. ಅದೇ ವರ್ಷ ಜುಲೈನಲ್ಲಿ ಅವನೂ ಹೋದ.

ಈ ಸ್ಕ್ರಿಪ್ಟ್‌ನಲ್ಲಿ ಇನ್ನೂ ಎರಡು ಪುಟ ಇತ್ತು. ಭಾನುವಾರ ಪುಣೆಯಿಂದ ವಾಪಸ್ ಬಂದಾಗ ಇರಲಿಲ್ಲ. ಮುಂದಿನ ವಾರ ಸಿಗೋಣ.